ಇನ್ನೊಂದು ನುಡಿ ಅದ

ದೇವದುರ್ಗ
ಬುಧವಾರ, ೧೯ ಫೆಬ್ರುವರಿ ೨೦೨೫

ಆದೆಪ್ಪ ಮಾಸ್ತರರಿಗೆ, ಮಲ್ಲೇಶ್ವರಿ ಬರೆಯುವುದು.

ಮೊದಲು ನಗಬೇಡಿ. ನೀವು ಅಂಗಳದಲ್ಲಿ ಬೇವಿನ ಮರದ ಕೆಳಗೆ ಕೂತಿದ್ದೀರಿ, ನಾನು ನಿಮ್ಮದೇ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನಿಮಗೇ ಪತ್ರ ಬರೆಯುತ್ತಿದ್ದೇನೆ. ಇಲ್ಲಿಂದ ಕೂಗಿದರೆ ಕೇಳಿಸುತ್ತದೆ, ಗೊತ್ತು. ಆದರೆ ಬಾಯಿಂದ ಹೇಳಿದ್ದು ನಿಮ್ಮಲ್ಲಿ ಸಂಜೆಯವರೆಗೂ ನಿಲ್ಲುತ್ತಿಲ್ಲ. ಅಕ್ಷರ ಮಾತ್ರ ಮರೆತಿಲ್ಲ. ಇವತ್ತು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನೆಲ್ಲ ಎರಡನೇ ಕ್ಲಾಸಿನ ಮಕ್ಕಳಿಗೆ ಓದಿಸುವ ಧ್ವನಿಯಲ್ಲಿ ಓದಿದಿರಿ, ಕೊನೆಗೆ 'ಪೂರ್ಣವಿರಾಮ' ಅಂತಲೂ ಅಂದಿರಿ. ಆಗಲೇ ನನಗೆ ಹೊಳೆಯಿತು, ಈ ಮನುಷ್ಯನಿಗೆ ಹೇಳಬೇಕಾದ್ದನ್ನು ಕಾಗದದ ಮೇಲೆ ಹೇಳಬೇಕು ಅಂತ.

'ಪ್ರೀತಿಯ' ಅಂತ ಶುರು ಮಾಡೋಣ ಅಂದರೆ ಕೈ ಬರಲಿಲ್ಲ. ಅದಕ್ಕೇ ಮಾಸ್ತರರಿಗೆ ಅಂತ ಬರೆದೆ.

ಹೇಳಬೇಕಾದ್ದು ಒಂದೇ. ನಮ್ಮ ಅಂಬಿ ಎಲ್ಲಿದ್ದಾಳೆ ಅನ್ನುವುದು ನಿಮಗೆ ಗೊತ್ತಾಗಬೇಕು. ನಿಮ್ಮ ಭಜನಾ ಮೇಳದ ಸತ್ತಾರ್ ಸಾಬರು ಬೇಡವೇ ಬೇಡ ಅನ್ನುತ್ತಿದ್ದಾರೆ. 'ತಂಗೆವ್ವಾ, ಹೇಳಬ್ಯಾಡ. ಮರತ ಕುಂತಾನ, ಮರತ ಇರ್ಲಿ ಬಿಡು' ಅಂತ ರವಿವಾರದಿಂದ ನನ್ನ ಬೆನ್ನು ಹತ್ತಿದ್ದಾರೆ. ನಾನು ಕೇಳುವವಳೇ? ನರ್ಸ್ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು, ವಾರ್ಡಿನ ಬಾಗಿಲಲ್ಲಿ ನಿಂತು ಎಷ್ಟು ಮನೆಯವರಿಗೆ ಹೇಳಬಾರದ್ದನ್ನು ಹೇಳಿದ್ದೇನೋ ಲೆಕ್ಕವಿಲ್ಲ. ಸುಳ್ಳು ಹೇಳಿ ಯಾರನ್ನೂ ಮನೆಗೆ ಕಳಿಸಿಲ್ಲ. ನಿಮಗೂ ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೆ ಮೊದಲು, ರವಿವಾರ ನೀವು ನನ್ನ ಜೀವ ಹೇಗೆ ಬಾಯಿಗೆ ತಂದಿರಿ ಅನ್ನುವುದನ್ನು ಕೇಳಬೇಕು.

ರವಿವಾರ ಬೆಳಿಗ್ಗೆ ರಾಯಚೂರಿನ ನನ್ನ ಮನೆಯಲ್ಲಿ ತಿಂಡಿಗೆ ಮಂಡಾಳು ತೊಯಿಸಿಟ್ಟು ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದೆ. ಫೋನ್ ಗುಂಯ್ ಅಂದಿತು. ನೋಡಿದರೆ ಸೂಫಿಯಾ. ಯಾರು ಅನ್ನಬೇಡಿ, ಸತ್ತಾರ್ ಸಾಬರ ಸೊಸೆ, ಪಕ್ಕದ ಮನೆಯಿಂದ ನಿಮಗೆ ಎರಡು ಹೊತ್ತು ಊಟ ತಂದುಕೊಡುವವಳು. ಒಮ್ಮೆ ರಾಯಚೂರಿನ ಆಸ್ಪತ್ರೆಗೆ ಬಂದಾಗ ನನ್ನ ನಂಬರು ತಗೊಂಡಿದ್ದಳು. ರಂಜಾನಿಗೆ ನಾನು ಅವಳಿಗೆ ಶುಭಾಶಯ ಕಳಿಸುತ್ತೇನೆ, ಯುಗಾದಿಗೆ ಅವಳು ನನಗೆ. ನಿಮ್ಮ ಬಗ್ಗೆ ನಾನಾಗಿ ಒಂದು ಮಾತು ಕೇಳಿದವಳಲ್ಲ. ಕೇಳದಿದ್ದರೂ ಅವಳು ಹೇಳುತ್ತಿದ್ದಳು, ಅದು ಬೇರೆ. ದೀಪಾವಳಿಯ ಹೊತ್ತಿಗೆ 'ಮಾಸ್ತರು ಭಾಳ ಮರೀತಾರ ಅಕ್ಕಾ' ಅಂದಿದ್ದಳು. ವಯಸ್ಸಾಯಿತಲ್ಲ, ಯಾರು ಮರೆಯುವುದಿಲ್ಲ ಅಂದುಕೊಂಡು ಸುಮ್ಮನಾಗಿದ್ದೆ.

ಅವಳು ಕಳಿಸಿದ್ದು ವಿಡಿಯೋ. ಜೊತೆಗೆ ಒಂದಕ್ಷರ ಇಲ್ಲ. ಒತ್ತಿದೆ. ಮುಖಗಿಖ ಏನೂ ಕಾಣಲಿಲ್ಲ, ಫೋನನ್ನು ಎಲ್ಲೋ ನೆಲಕ್ಕಿಟ್ಟಿದ್ದಳು ಅಂತ ಕಾಣುತ್ತದೆ, ಬೇವಿನ ಬೇರು ಮತ್ತು ಯಾರದೋ ಚಪ್ಪಲಿ ಮಾತ್ರ. ಆದರೆ ಧ್ವನಿ ಸತ್ತಾರ್ ಸಾಬರದು, ಹಿಂದಿನಿಂದ ಇಡೀ ಮೇಳದ ಸೊಲ್ಲು:

ಕದಾ ಮುಚ್ಚಬ್ಯಾಡ್ರೆವ್ವಾ, ನನ ದೊರಿ ಬರೂದದ,
ಹೊತ್ತೆಂಬೋ ಎತ್ತಿನ ಮೂಗುದಾರ ಹಿಡಿದೀನಿ.

ಅಯ್ಯೋ ನನ್ನ ಶಿವನೇ! ಕೈಯಲ್ಲಿದ್ದ ಸೌಟು ಎಲ್ಲಿ ಬಿತ್ತೋ ನೋಡಲಿಲ್ಲ. ಎಣ್ಣೆ ಹೊತ್ತಿ ಹೊಗೆ ಎದ್ದಾಗ ಗ್ಯಾಸ್ ಬಂದ್ ಮಾಡಿದೆ ಅಷ್ಟೇ.

ನಿಮ್ಮ ಮೇಳದ ರಿವಾಜನ್ನು ನಿಮಗೇ ಹೇಳಬೇಕಾಗಿ ಬಂದಿದೆ, ನೋಡಿ ನನ್ನ ಹಣೆಬರಹ. ಸಾವಿನ ಮನೆಯಲ್ಲಿ ನಿಮ್ಮ ಮೇಳ ಹೆಣದ ಮುಂದೆ ಕೂತು ತತ್ವಪದ ಹಾಡುತ್ತದೆ. ಮಣ್ಣಿಗೆ ಒಯ್ಯುವ ಹೊತ್ತಾದಾಗ ಕೊನೆಯದೊಂದು ಪದ, ಎತ್ತುವ ಪದ. ಅದರ ಕೊನೆಯ ನುಡಿ ಮುಗಿದ ಮೇಲೆಯೇ ಹೆಗಲು ಕೊಡಬೇಕು. ಮುಗಿಯುವತನಕ ಹೆಣವನ್ನು ಯಾರೂ ಮುಟ್ಟುವಂತಿಲ್ಲ, ಊರಗೌಡನೇ ಬಂದು ಅವಸರ ಮಾಡಿದರೂ ಇಲ್ಲ. ಮೇಳದವರು ತಾವೇ ಸತ್ತರೆ, ತಾವು ಕಟ್ಟಿಟ್ಟ ಪದವೇ ಆಗಬೇಕು. ಕಟ್ಟಿದವನು ಒಬ್ಬ ಜೊತೆಗಾರನ ಕಿವಿಯಲ್ಲಿ ಮಾತ್ರ ಅದನ್ನು ಹಾಕಿರುತ್ತಾನೆ. ಕಟ್ಟಿದವನು ಉಸಿರಾಡುವತನಕ ಅದು ಬೇರೆ ಯಾರ ಬಾಯಲ್ಲೂ ಬರಕೂಡದು. ಬಂತು ಅಂದರೆ ಕಟ್ಟಿದವನ ಕಥೆ ಮುಗಿಯಿತು.

ಮೇಲಿನ ಎರಡು ಸಾಲು ನಿಮ್ಮದು ಅಂತ ನನಗಲ್ಲದೆ ಯಾರಿಗೆ ಗೊತ್ತಿರಬೇಕು? ಮಾನ್ವಿಯ ಬಾಡಿಗೆ ಮನೆ, ಮದುವೆಯಾದ ಹೊಸತು. ಕಿಟಕಿಯ ಕಟ್ಟೆಯ ಮೇಲೆ ಕೂತು ತೊಡೆ ತಟ್ಟಿಕೊಂಡು ಗುನುಗುತ್ತಿದ್ದಿರಿ. ಎತ್ತುವ ಪದ ಅಂತ ತಿಳಿದಾಗ ಮೈಯೆಲ್ಲ ಉರಿದು ಹೋಗಿ, 'ಅಲ್ರೀ, ಕಂಕಣ ಬಿಚ್ಚಿ ತಿಂಗಳಾಗಿಲ್ಲ, ಸಾಯೂ ಪದ ಕಟ್ಟಾಕತ್ತೀರಲ್ಲ, ನಿಮ್ಮ ಬಾಯಾಗ ಮಣ್ಣ ಹಾಕ' ಅಂತ ಬೈದಿದ್ದೆ. ನೀವು ನಕ್ಕಿರಿ. ದೊರೆ ಯಾರು ಅಂತ ಕೇಳಿದರೆ, 'ನಮ್ಮ ಪದದಾಗ ಹಾಡಾವ ಹೇಣ್ತಿ, ಬರಾವ ಗಂಡ. ಗಂಡ ಅಂದ್ರ ಮ್ಯಾಲಿನಾವ' ಅಂದಿರಿ. ಮೀಸೆ ಹೊತ್ತ ಹೆಂಡತಿ ಅಂತ ನಾನು ಆಡಿಕೊಂಡೆ. ಆಮೇಲೆ ನೀರಮಾನ್ವಿ ಎಲ್ಲಮ್ಮನ ಗುಡಿಗೆ ಸೈಕಲ್ ಮೇಲೆ ಹೋಗುವಾಗಲೆಲ್ಲ ಈ ಎರಡು ಸಾಲು ಹಾಡಿ ನಿಲ್ಲಿಸಿಬಿಡುತ್ತಿದ್ದಿರಿ. ಮುಂದಿನದು ಹೇಳಿ ಅಂದರೆ, 'ಮುಂದಿಂದು ನಾ ಹೋದ ಮ್ಯಾಲ ಕೇಳಬೇ.' ಆಗ ನಿಮ್ಮ ಬೆನ್ನಿಗೆ ಗುದ್ದುತ್ತಿದ್ದೆ.

ನಾಡಿ ಹಿಡಿದು ನೋಡದೆ ಒಬ್ಬರನ್ನೂ ಸತ್ತರು ಅಂದವಳಲ್ಲ ನಾನು. ನಿಮ್ಮ ವಿಷಯದಲ್ಲಿ ಒಂದು ಫೋನ್ ಸಹ ಮಾಡಲಿಲ್ಲ. ಮಾಡಿ ಏನಂತ ಕೇಳಲಿ? 'ಹೋದರೇನು' ಅಂತಲೇ? ಉಟ್ಟ ಸೀರೆಯಲ್ಲೇ ಬೀಗ ಹಾಕಿಕೊಂಡು ತೀನ್ ಕಂದೀಲಿನ ಬಜಾರಿಗೆ ಬಂದೆ. ಚೆಂಡುಹೂವಿನ ದಪ್ಪ ಮಾಲೆ ಒಂದು, ಮೇಲೆ ಹೊದಿಸಲು ಬಿಳಿಬಟ್ಟೆ ಒಂದು ತಗೊಂಡೆ. ಹೂವಿನವಳು ಯಾವ ದೇವರಿಗವ್ವಾ ಅಂತ ಕೇಳಿದಳು. ನನ್ನ ಮನೆಯವರಿಗೆ ಅಂದೆ. ಹದಿನೆಂಟು ವರ್ಷದ ಮೇಲೆ ಆ ಮಾತು ನನ್ನ ಬಾಯಲ್ಲಿ ಬಂತು. ಅವಳು ಮುಖ ನೋಡಿ ಗಾಬರಿಯಾಗಿ, ಚೌಕಾಸಿ ಇಲ್ಲದೆ ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಫೋನ್ ಕಿವಿಗೆ ಒತ್ತಿಕೊಂಡು ಉಳಿದದ್ದನ್ನು ಕೇಳಿದೆ. ಕಲ್ಮಲಾ ಬರುವ ಹೊತ್ತಿಗೆ ಎರಡನೇ ನುಡಿ ಬಾಯಿಪಾಠ ಆಗಿತ್ತು.

ಜಗದ ನಾಡಿ ಹಿಡದು ನೋಡೂ ದೊರಿಯವ್ವಾ ಅಂವ,
ಕಾಸಿದ ಹಾಲ ಆರಾಕಿಟ್ಟು ಕುಡಿಯದ ಹ್ವಾದಾಂವ.

ಪಕ್ಕದಲ್ಲಿ ಕೂತ ಮುದುಕಿ ಭಕ್ತಿಯಿಂದ ಕೈ ಮುಗಿದಳು. 'ಹೌದವ್ವಾ, ಎಲ್ಲಾರ ನಾಡಿ ಅವನ ಕೈಯಾಗ' ಅಂದಳು. ನಾನೂ ಹ್ಞೂಂ ಅಂದೆ. ಗಬ್ಬೂರು ದಾಟುವಾಗ ನನಗೆ ದಿಗ್ಗನೆ ತಿಳಿಯಿತು ನೋಡಿ. ಎದ್ದು ನಿಂತುಬಿಟ್ಟೆ, ಕಂಡಕ್ಟರ್ ಇಳೀತೀರೇನು ಅಂತ ಸೀಟಿ ಊದಿದ. ನಾಡಿ ಹಿಡಿಯುವವರು ಮೇಲೆ ಯಾರೂ ಇಲ್ಲ ಮಾಸ್ತರ್ರೇ. ಹಾಲು ಕಾಸಿ ಆರಲು ಇಟ್ಟು, ಆಸ್ಪತ್ರೆಯಿಂದ ಕರೆ ಬಂತು ಅಂತ ಕುಡಿಯದೆ ಓಡುತ್ತಿದ್ದವಳು ನಾನು. ಕೆನೆ ಕಟ್ಟಿದ ಆ ಹಾಲನ್ನು ಸಂಜೆಗೆ ಮತ್ತೆ ಕಾಸಿ ಕೊಡುತ್ತಿದ್ದವರು ನೀವು.

ಎಲಾ ಇವನ! ಹದಿನೆಂಟು ವರ್ಷ ಒಂದು ಕಾರ್ಡು ಬರೆಯದ ಗಂಡಸು ನನ್ನನ್ನು ಒಯ್ದು ದೇವರ ಗದ್ದುಗೆಯ ಮೇಲೆ ಕೂರಿಸಿ, ತಾನು ಹೆಂಡತಿಯಾಗಿ ಬಾಗಿಲು ತೆರೆದಿಟ್ಟು, ಹೊತ್ತಿನ ಮೂಗುದಾರ ಜಗ್ಗಿ ಹಿಡಿದು ಕಾಯುತ್ತಾ ಕೂತಿದ್ದಾನೆ! ದೇವರಾಗಿ ನಾನೇನು ಸುಡಲಿ? ರಾಯಚೂರಿಗೆ ಬಸ್ ಇರಲಿಲ್ಲವೇ ನಿಮಗೆ? ಬಂದು 'ಮಲ್ಲಿ, ಮನಿಗಿ ನಡಿ' ಅಂದಿದ್ದರೆ ಬರುತ್ತಿದ್ದೆನೋ ಇಲ್ಲವೋ, ಬೈದಾದರೂ ಕಳಿಸುತ್ತಿದ್ದೆ. ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಅತ್ತೆ. ಸತ್ತವರ ಮೇಲೆ ಇಷ್ಟು ಸಿಟ್ಟು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ನಿಮ್ಮ ಓಣಿಗೆ ಬಂದಾಗ ಪದ ಇನ್ನೂ ಕೇಳಿಸುತ್ತಿತ್ತು. ಮುಗಿಯುವುದರೊಳಗೆ ಮುಖ ನೋಡಬೇಕು ಅಂತ ಓಡಿದೆ. ಬಾಗಿಲ ಮುಂದೆ ಬೆಂಕಿ ಹಾಕಿಲ್ಲ, ಹೆಂಗಸರು ಅಳುತ್ತಿಲ್ಲ, ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಮಂದಿಯನ್ನು ತಳ್ಳಿಕೊಂಡು ಮಾಲೆ ಎತ್ತಿ ಹಿಡಿದು ನುಗ್ಗಿದೆ. ನುಗ್ಗಿ ನೋಡಿದರೆ, ನಡುವೆ ನೀವು! ಕಾಲು ಮಡಚಿ ಕೂತು ತಾಳ ಹಾಕುತ್ತಿದ್ದೀರಿ! ಸತ್ತಾರ್ ಸಾಬರಿಗೆ ಬೈಯುತ್ತಿದ್ದೀರಿ! 'ತಪ್ಪಿತಲೇ ಸತ್ತಾರಾ, ಅಲ್ಲಿ ತಡೀಬೇಕು, ಉಸಿರ ತಡೀಬೇಕು' ಅಂತ.

ಹೆಣ ತಾಳ ಹಾಕುವುದನ್ನು ನೋಡಿದವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮಾಲೆ ಹಿಡಿದುಕೊಂಡೇ ಅಲ್ಲೇ ನೆಲಕ್ಕೆ ಕೂತೆ. ಸೂಫಿಯಾ ನನ್ನ ಕೈಯಲ್ಲಿನ ಬಿಳಿಬಟ್ಟೆ ನೋಡಿ 'ಯಾ ಅಲ್ಲಾ' ಅಂತ ಚೀರಿದಳು. ಅವಳಿಗೆ ಆಗ ಗೊತ್ತಾಯಿತು ತಾನು ಮಾತಿಲ್ಲದೆ ಕಳಿಸಿದ ವಿಡಿಯೋ ಏನು ಮಾಡಿತು ಅಂತ. ಪಾಪ, 'ಅಕ್ಕಾರ ಬಗ್ಗೆ ಕಟ್ಟಿದ್ದು ಅಂತ ಅನಸ್ತು, ಕೇಳಲಿ ಅಂತ ಕಳಿಸಿದೆ' ಅಂತ ಆಮೇಲೆ ಕಾಲು ಹಿಡಿಯಲು ಬಂದಳು. ಎತ್ತುವ ಪದದ ರಿವಾಜು ಅವಳಿಗೇನು ಗೊತ್ತು, ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿ.

ನೀವು ಮಾತ್ರ ತಾಳ ಕೆಳಗಿಟ್ಟು ನನ್ನನ್ನು ನೋಡಿದಿರಿ. ಅಚ್ಚರಿಯಿಲ್ಲ, ಸಿಟ್ಟಿಲ್ಲ. 'ಡ್ಯೂಟಿ ಮುಗೀತೇನು ಮಲ್ಲಿ? ಇವತ್ತ ಭಾಳ ತಡಾ ಆತಲ್ಲ' ಅಂದಿರಿ.

ಬೆಳಿಗ್ಗೆ ಹೋಗಿ ಸಂಜೆ ಬಂದ ಹೆಂಡತಿಯನ್ನು ಕೇಳುವಂತೆ ಕೇಳಿದಿರಿ. ನನ್ನ ಬಿಳಿ ತಲೆ ನಿಮಗೆ ಕಾಣಲಿಲ್ಲವೇ? ನೀವು ಮಾಲೆ ನೋಡಿ, 'ಯಾರಿಗಿ ಮಾಲಿ? ನನಗೇನು? ನಾ ಇನ್ನಾ ರಿಟೈರ ಆಗಿಲ್ಲಬೇ' ಅಂತ ನಕ್ಕು, ಮದುವೆಯ ದಿನ ಬಗ್ಗಿಸಿದಂತೆ ಕತ್ತು ಬಗ್ಗಿಸಿದಿರಿ. ಹೆಣಕ್ಕೆ ತಂದ ಮಾಲೆ! ಹಾಕಲೂ ಆಗದು, ಎಸೆಯಲೂ ಆಗದು. ಸತ್ತಾರ್ ಸಾಬರೇ ನನ್ನ ಕೈಯಿಂದ ಕಸಿದು ಬೇವಿನ ಕೊಂಬೆಗೆ ನೇತು ಹಾಕಿದರು. ಆಗ ನೀವು ನನ್ನ ಹಿಂದೆ ಮುಂದೆ ನೋಡಿ ಕೇಳಿದಿರಿ, 'ಅಂಬಿ ಎಲ್ಲಿ? ಸಾಲಿಂದ ಕರಕೊಂಡ ಬರಲಿಲ್ಲೇನು?'

ಎದ್ದು ಅಡುಗೆಮನೆಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದೆ.

ಸತ್ತಾರ್ ಸಾಬರು ಹಿಂದೆಯೇ ಬಂದರು. ತಬಲಾ ಬಡಿದು ಬಡಿದು ಬೆರಳುಗಳೆಲ್ಲ ಗಂಟು ಗಂಟಾಗಿವೆ ಅವರಿಗೆ. ಹೊಸ್ತಿಲಲ್ಲಿ ಕೂತು ಎಲ್ಲ ಹೇಳಿದರು. ಇದು ಬರಿ ಮರೆವಲ್ಲ, ರೋಗ, ವಾಸಿಯಾಗುವುದಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮೊದಲು ಹಳೇ ಪದಗಳು ಹೋದವು, ಆಮೇಲೆ ರಿಟೈರ್ ಆದದ್ದು, ದೇವದುರ್ಗಕ್ಕೆ ಬಂದದ್ದು. ಹಿಂದಕ್ಕೆ ಹಿಂದಕ್ಕೆ ಸವೆಯುತ್ತಾ ಹೋಗಿ ಮಾನ್ವಿಯ ಮನೆಗೆ ಬಂದು ನಿಂತಿದ್ದೀರಿ. ಎತ್ತುವ ಪದ ಸಾಬರ ಕಿವಿಯಲ್ಲಿದ್ದರೂ ಅವರಿಗೂ ವಯಸ್ಸಾಯಿತು, ಕಟ್ಟಿದವನ ನೆನಪು ಪೂರಾ ಹೋಗುವುದರೊಳಗೆ ಮೇಳದವರೆಲ್ಲ ಕಲಿತಿಡಬೇಕು ಅಂತ ರಿವಾಜು ಮುರಿದು ಕೂತಿದ್ದರಂತೆ. ರಿವಾಜು ಮುರಿಯುವ ಬುದ್ಧಿ ನಿಮಗೆಲ್ಲ ಹದಿನೆಂಟು ವರ್ಷ ಮೊದಲು ಬಂದಿದ್ದರೆ ಈ ಪದ ಆಗಲೇ ನನ್ನ ಕಿವಿಗೆ ಬೀಳುತ್ತಿರಲಿಲ್ಲವೇ?

ಈಗ ಹೇಳುತ್ತೇನೆ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಓದುತ್ತಾ ನಿಲ್ಲಬೇಡಿ, ಕೂತುಕೊಳ್ಳಿ.

ಅಂಬಿ ಇಲ್ಲ. ನಮ್ಮ ಅಂಬಿಕಾ ಸತ್ತು ಹೋಗಿದ್ದಾಳೆ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಕೂಸು, ಎರಡನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ನಾನೇ ಸಲೈನ್ ಹಚ್ಚಿದೆ, ನಾನೇ ನಾಡಿ ಹಿಡಿದು ಕೂತೆ, ನನ್ನ ಬೆರಳ ಕೆಳಗೇ ನಿಂತಿತು. ಮಾನ್ವಿಯ ಮನೆಯಲ್ಲಿ, ನಿಮ್ಮ ಕಿಟಕಿಯ ಕಟ್ಟೆಯ ಕೆಳಗೆ ಮಲಗಿಸಿದ್ದೆವು. ಹಸಿರು ಲಂಗ ಹಾಕಿದ್ದೆ ಅವಳಿಗೆ.

ಮತ್ತು ನೀವು ಹಾಡಿದಿರಿ.

ಇದೊಂದು ನನಗೆ ನುಂಗಲು ಆಗಲಿಲ್ಲ. ಹಾಡಲು ಮೇಳ ಇತ್ತು. ತನ್ನ ಮನೆಯ ಸಾವಿಗೆ ತಾನೇ ಹಾಡಿದವರನ್ನು ನಾನು ಕಂಡಿಲ್ಲ. ನೀವು ಮಗಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಹಾಡಿದಿರಿ. ಧ್ವನಿ ಒಂದು ಕಡೆಯೂ ಒಡೆಯಲಿಲ್ಲ. ಬೆಳಿಗ್ಗೆಯೇ ಕುಣಿ ತೋಡಿ ಬಂದಿದ್ದರು. ಬಿಸಿಲು ನೆತ್ತಿಗೆ ಬಂತು, ಬಾಗಿಲಿಂದ ಒಳಗೆ ಬಂದು ಗೋಡೆ ಹತ್ತಿತು, ನೀವು ನಿಲ್ಲಿಸಲಿಲ್ಲ. ನಮ್ಮಣ್ಣ ಬಂದು 'ಸಾಕ್ರಿ ಮಾಸ್ತರ, ಮಂದಿ ಕಾಯಾಕತ್ತಾರ' ಅಂದ. ಕಿವಿಗೆ ಹಾಕಿಕೊಳ್ಳಲಿಲ್ಲ. 'ಏನ್ ಕಂಠ, ಏನ್ ಗುಂಡಿಗಿ' ಅಂತ ಯಾರೋ ಗಂಡಸು ನನ್ನ ಹಿಂದೆ ಹೊಗಳಿದ. ಮಗಳ ಹೆಣದ ಮುಂದೆಯೂ ತನ್ನ ಪದ ಮೆರೆಸುವ ಗಂಡನ ಕೂಡ ಬಾಳುವುದಿಲ್ಲ ಅಂತ ಆವತ್ತೇ ತೀರ್ಮಾನ ಮಾಡಿದೆ. ಮೂರನೇ ದಿನ ನಿಮ್ಮ ಮುಖದ ಮೇಲೆ ಹೇಳಿದೆ, 'ಇನ್ನ ನಿಮ್ಮ ಪದ ನನ್ನ ಕಿವಿಗಿ ಬೀಳೂದು ನಿಮ್ಮನ್ನ ಎತ್ತೂ ದಿನಾನ.' ರಾಯಚೂರಿಗೆ ವರ್ಗ ಮಾಡಿಸಿಕೊಂಡು ಹೋದೆ. ನೀವು ತಡೆಯಲಿಲ್ಲ.

ರವಿವಾರ ಬಸ್ಸಿನಲ್ಲಿ ಮೂರನೇ ನುಡಿಯನ್ನೂ ಕೇಳಿದ್ದೆ. ಕೇಳಿ ಅರ್ಥವಾಗದೆ ಬಿಟ್ಟಿದ್ದೆ.

ಎತ್ತಬ್ಯಾಡ್ರೋ ಅಣಗೋಳ್ರಾ, ಪದಾ ಮುಗಿದಿಲ್ಲ,
ಗುಬ್ಬಿಮರಿ ಮಲಗ್ಯದ, ಇನ್ನೊಂದು ನುಡಿ ಅದ.

ಸತ್ತಾರ್ ಸಾಬರನ್ನು ಕೇಳಿದೆ, ನೀವು ನಿಮ್ಮ ಸಾವಿಗೆ ಕಟ್ಟಿದ ಪದ, ನಡುವೆ ಈ ಗುಬ್ಬಿಮರಿ ಎಲ್ಲಿಂದ ಬಂತು ಅಂತ. ಅವರು ನನ್ನನ್ನು ನೋಡಿದ ರೀತಿ ನೀವು ನೋಡಬೇಕಿತ್ತು. ಆಮೇಲೆ ಅಂದರು: 'ತಂಗೆವ್ವಾ, ನಿನಗ ಗೊತ್ತಿಲ್ಲೇನು? ಅಂವ ಅವತ್ತ ಹಾಡಲಿಲ್ಲವ್ವಾ, ತಡದ. ಪದಾ ಮುಗಿದ್ರ ಕೂಸಿನ ಎತ್ತತಾರ ಅಂತ ಹೊಸಾ ಹೊಸಾ ನುಡಿ ಕಟ್ಟಿ ಕಟ್ಟಿ ಹಾಕಿದ. ನನ್ನ ಬೆರಳ ಒಡದು ರಕ್ತ ಬಂತು, ನಿಲ್ಲಸಬ್ಯಾಡ ಅಂತ ಕಣ್ಣಾಗ ಕೈ ಮುಗದ. ದನಿ ಒಡದ್ರ ಪದಾ ನಿಂತಂಗ ಆಗತದ, ಮಂದಿ ಹೆಗಲ ಕೊಡತಾರ. ಅದಕ್ಕ ದನಿ ಒಡೀಲಾರದಂಗ ಹಿಡದ.'

ನನ್ನ ಮುಂದೆ ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿಯುತ್ತಿದ್ದೆ. ಪದ ಮುಗಿಯದೆ ಎತ್ತುವಂತಿಲ್ಲ. ಈ ರಿವಾಜು ನನಗೆ ಗೊತ್ತಿರಲಿಲ್ಲವೇ? ನಿಮ್ಮ ಮೇಳಕ್ಕೆ ಎಷ್ಟು ವರ್ಷ ಚಹಾ ಕಾಸಿ ಕೊಟ್ಟಿದ್ದೇನೆ! ಗೊತ್ತಿದ್ದೂ ಹೊಳೆಯಲಿಲ್ಲ. ಹದಿನೆಂಟು ವರ್ಷ ಒಂದು ದಿನವೂ ಹೊಳೆಯಲಿಲ್ಲ! ಇಡೀ ಊರು ಮಗಳನ್ನು ಒಯ್ಯಲು ಕಾಯುತ್ತಿದ್ದಾಗ, ನನ್ನ ಪಕ್ಕದಲ್ಲಿ ಅವಳನ್ನು ಉಳಿಸಿಕೊಳ್ಳಲು ಒಬ್ಬರೇ ಒಬ್ಬರು ಹೊತ್ತಿನ ಜೊತೆ ಗುದ್ದಾಡುತ್ತಿದ್ದರು. ಅವರನ್ನೇ ನಾನು ಬಿಟ್ಟು ಹೋದೆ.

ಆದರೆ ಮಾಸ್ತರ್ರೇ, ನಿಮ್ಮನ್ನೂ ಬಿಡುವುದಿಲ್ಲ ನಾನು. ಬಾಯಿ ತುಂಬ ಪದ, ಹೆಂಡತಿಗೆ ಒಂದು ಮಾತಿಲ್ಲ! ನಾನು ಟ್ರಂಕು ಎತ್ತಿಕೊಂಡು ನಿಂತಾಗ ಹೇಳಬಹುದಿತ್ತು. ಬಸ್ ಸ್ಟ್ಯಾಂಡಿಗೆ ಬಂದು ಹೇಳಬಹುದಿತ್ತು. ನಿಮ್ಮ ಸಂಕಟವನ್ನು ಸತ್ತ ಮೇಲೆ ಹಾಡಿಸಲು ಕಟ್ಟಿಟ್ಟಿರಲ್ಲ, ಕೇಳಲು ಆಗ ನೀವೆಲ್ಲಿ, ಬೈಯಲು ನಾನೆಲ್ಲಿ? ನನಗೆ ಇಷ್ಟು ಸಿಟ್ಟಿದೆ, ಈಗ ಅದನ್ನು ತೋರಿಸೋಣ ಅಂದರೆ ನಿಮಗೆ ನಾನು ಬಿಟ್ಟು ಹೋದದ್ದೇ ನೆನಪಿಲ್ಲ. ಯಾರ ಜೊತೆ ಜಗಳ ಆಡಲಿ?

ಎರಡು ದಿನದಿಂದ ನೋಡುತ್ತಿದ್ದೇನೆ. ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ಹೋಗಿ ನಿಲ್ಲುತ್ತೀರಿ. ಮಕ್ಕಳು ಹೋಗುವಾಗ ಒಂದೊಂದು ಮುಖವನ್ನೂ ನೋಡುತ್ತೀರಿ. ಓಣಿ ಬರಿದಾದ ಮೇಲೆ ನನ್ನನ್ನು ಕೇಳುತ್ತೀರಿ. ಸೋಮವಾರ ಮಾತು ತಿರುಗಿಸಿ ರಾತ್ರಿ ಊಟಕ್ಕೆ ಮಾಡುವ ಸಜ್ಜಕದ ವಿಷಯ ತೆಗೆದೆ. ನಿನ್ನೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇದು ಹೀಗೆ ನಡೆಯಕೂಡದು. ಗಂಡಸಿಗೆ ತನ್ನ ಮಗಳು ಸತ್ತದ್ದು ಗೊತ್ತಿರಬೇಕು, ಅವಳಿಗಾಗಿ ತಾನೇನು ಮಾಡಿದೆ ಅನ್ನುವುದೂ ಗೊತ್ತಿರಬೇಕು. ಸತ್ಯ ತಿಳಿದು ಇವತ್ತೊಂದು ರಾತ್ರಿ ಅತ್ತರೆ ಅಳಿ, ನಾನಿರುತ್ತೇನೆ. ಮರೆತರೆ ಈ ಕಾಗದ ಇರುತ್ತದೆ. ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಹೋಗುತ್ತೇನೆ, ಸೂಫಿಯಾಳಿಗೆ ಹೇಳಿದ್ದೇನೆ.

ನಾಳೆ ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೊರಡುತ್ತೇನೆ. ರವಿವಾರದಿಂದ ಅದೇ ಸೀರೆ, ಸೂಫಿಯಾಳ ಚೂಡಿದಾರ ನನಗೆ ಹತ್ತುವುದಿಲ್ಲ. ಇನ್ನೇನು ಶಾಲೆ ಬಿಡುತ್ತದೆ. ಬಿಟ್ಟ ಕೂಡಲೇ ತಂದು ಕೊಡುತ್ತೇನೆ. ಓದಿ.

ದೊರೆಯೂ ಅಲ್ಲದ, ದೇವರೂ ಅಲ್ಲದ, ನಿಮ್ಮ ಕೂಡ ಇನ್ನೂ ಜಗಳ ಮುಗಿಯದ
ಮಲ್ಲಿ

ತಾ.ಕ.: ಈ ಪತ್ರ ನಿಮಗೆ ಕೊಡುವುದಿಲ್ಲ. ಕೊಡಲೆಂದೇ ಮಡಚಿ ಹಿಡಿದುಕೊಂಡು ಅಂಗಳಕ್ಕೆ ಬಂದೆ. ನೀವು ಗೇಟಿನ ಸರಳು ಹಿಡಿದು ನಿಂತಿದ್ದಿರಿ, ಓಣಿ ಆಗಲೇ ಬರಿದಾಗಿತ್ತು. 'ಎಲ್ಲಾ ಹುಡುಗೂರು ಬಂದ್ವು ಮಲ್ಲಿ, ನಮ್ಮಕಿ ಯಾಕ ಬರಲಿಲ್ಲ?' ಅಂದಿರಿ. ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. 'ಬರ್ತಾಳ್ರೀ, ಹಾದ್ಯಾಗ ಗೆಳತಿ ಕೂಡ ಆಡಾಕತ್ತಾಳ' ಅಂದೆ. ಯಾವ ಗೆಳತಿ ಅಂದಿರಿ. ಸೌಭಾಗ್ಯ ಅಂತ, ಹಿರೇಕೊಟ್ನೆಕಲ್ಲಿನವರು, ಹೊಸದಾಗಿ ಬಂದಿದ್ದಾರೆ ಅಂದೆ. ಏನಾಡುತ್ತಿದ್ದಾರೆ ಅಂದಿರಿ. ಕುಂಟಲಿಪಿ, ನೆಲದ ಮೇಲೆ ಮನೆ ಬರೆದು ಕುಂಟುತ್ತಿದ್ದಾರೆ ಅಂದೆ. ಚಪ್ಪಲಿ ಹಾಕಿಕೊಂಡಿದ್ದಾಳೇನು ಅಂದಿರಿ. ಹಾಕಿಕೊಂಡಿದ್ದಾಳೆ, ನಾನೇ ನೋಡಿ ಬಂದೆ ಅಂದೆ. ನೀವು ಕೇಳುತ್ತಾ ಹೋದಿರಿ, ನಾನು ಹೇಳುತ್ತಾ ಹೋದೆ, ಒಂದರ ಮೇಲೊಂದು, ದೀಪ ಹಚ್ಚುವ ಹೊತ್ತಾಗುವತನಕ. ನನ್ನ ದನಿ ಎಲ್ಲೂ ಒಡೆಯಲಿಲ್ಲ. ಸತ್ತಾರ್ ಸಾಬರು ಗೋಡೆಯ ಆಚೆ ನಿಂತು ಅಳುತ್ತಿದ್ದರು. ಕೊನೆಗೆ ನೀವು 'ಹಂಗಾರ ಚಲೋ' ಅಂತ ಒಳಗೆ ಬಂದು ಕೂತಿರಿ. ನಾನು ನಾಳೆ ಬಸ್ಸಿಗೆ ಹೋಗುವುದಿಲ್ಲ. ನಾಳೆಯೂ ಶಾಲೆ ಇದೆ.